ಉಗಾದಿ ಹೊತ್ತಿಗೆ ಹಳದಿ ಅಂಗಳ: ಅಮೆರಿಕದ ಮನೆಗಳಲ್ಲಿ ಫೋರ್ಸಿಥಿಯಾ ಬೆಳೆಸುವ ಸಮಗ್ರ ಮಾರ್ಗದರ್ಶಿ

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಡೆ ಮಾರ್ಚ್ ಕೊನೆಯ ಹೊತ್ತಿಗೆ ಒಂದೇ ಒಂದು ಎಲೆಯೂ ಇಲ್ಲದೆ, ಬುಡದಿಂದ ತುದಿಯವರೆಗೆ ಬರೀ ಹಳದಿ ಹೂ ಹೊತ್ತು ನಿಲ್ಲುವ ಪೊದೆಯನ್ನು ನೀವು ನೋಡಿಯೇ ಇರುತ್ತೀರಿ. ಅದೇ ಫೋರ್ಸಿಥಿಯಾ. ಊರಿನಿಂದ ಬಂದ ಅಪ್ಪ ಅಮ್ಮ ಕಾರಿನ ಕಿಟಕಿಯಿಂದ ಕೈತೋರಿ "ಅದೇನೋ ಹೂವು?" ಎಂದು ಮೊದಲು ಕೇಳುವುದೂ ಬಹಳ ಸಲ ಇದನ್ನೇ. 2024ರಲ್ಲಿ ಉಗಾದಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಎರಡೂ ಇಲ್ಲಿ ಫೋರ್ಸಿಥಿಯಾದ ಕಾಲವೇ. ಮಾವಿನೆಲೆಯನ್ನು ಇಂಡಿಯನ್ ಅಂಗಡಿಯಿಂದ ತರಬೇಕು, ಬೇವಿನ ಹೂವಿಗೆ ಒಣಗಿದ ಪೊಟ್ಟಣವೇ ಗತಿ. ಹಬ್ಬದ ಹೊತ್ತಿಗೆ ಸರಿಯಾಗಿ ನಮ್ಮದೇ ಅಂಗಳದಲ್ಲಿ ಅರಳುವುದು ಇದೊಂದು.

ಬೆಳೆಸುವುದು ಕಷ್ಟವೇ ಅಲ್ಲ. ಮಣ್ಣು ಹೇಗಿದ್ದರೂ ಸುಧಾರಿಸಿಕೊಳ್ಳುತ್ತದೆ, ಹುಳದ ಕಾಟ ಕಡಿಮೆ, ಜಿಂಕೆಗಳೂ ಹೆಚ್ಚು ಮೂಸುವುದಿಲ್ಲ. ಆದರೂ ಹತ್ತು ಮನೆಯ ಮುಂದೆ ಹೋದರೆ ಅರ್ಧದಷ್ಟು ಕಡೆ ಈ ಗಿಡ ಹಸಿರು ಉಂಡೆಯಾಗಿಯೋ ಚೌಕಾಕಾರದ ಡಬ್ಬಿಯಾಗಿಯೋ ನಿಂತಿರುತ್ತದೆ, ವಸಂತದಲ್ಲಿ ಅಲ್ಲೊಂದು ಇಲ್ಲೊಂದು ಹೂ ತೋರಿಸಿ ಸುಮ್ಮನಾಗುತ್ತದೆ. ತಪ್ಪು ಗಿಡದ್ದಲ್ಲ, ಕತ್ತರಿಯದು. ಹಾಗಾಗಿ ಈ ಬರಹದಲ್ಲಿ ನೆಡುವ ವಿಷಯ ಬೇಗ ಮುಗಿಸಿ, ಸವರುವ ವಿಷಯಕ್ಕೆ ಬೇಕೆಂದೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಗಿಡದ ಕುಲಗೋತ್ರ

ಫೋರ್ಸಿಥಿಯಾ ನಮ್ಮ ಮಲ್ಲಿಗೆ, ಪಾರಿಜಾತಗಳ ಕುಟುಂಬದ್ದು; ಆಲಿವ್ ಮರವೂ ಇದೇ ಮನೆತನ. ಆದರೆ ಮನೆತನದ ಪರಿಮಳ ಮಾತ್ರ ಇದಕ್ಕೆ ಬಂದಿಲ್ಲ. ಮೂಗಿಗೆ ಹಿಡಿದರೂ ಹೆಚ್ಚೇನೂ ಗೊತ್ತಾಗುವುದಿಲ್ಲ. ಮೂಲ ಬಹುಪಾಲು ಚೀನಾ ಮತ್ತು ಕೊರಿಯಾ. ಒಂದು ಜಾತಿ ಮಾತ್ರ ಯುರೋಪಿನ ಬಾಲ್ಕನ್ ಪ್ರದೇಶದ್ದು. ಲಂಡನ್ನಿನ ಚೆಲ್ಸಿ ಔಷಧಿ ತೋಟವನ್ನು ನೋಡಿಕೊಂಡಿದ್ದು, ಆಮೇಲೆ ಅರಮನೆಯ ತೋಟಗಾರನಾದ ವಿಲಿಯಂ ಫೋರ್ಸಿತ್ (1737–1804) ಎಂಬ ಸ್ಕಾಟಿಷ್ ತೋಟಗಾರನ ಹೆಸರು ಇದಕ್ಕೆ ಅಂಟಿಕೊಂಡಿದೆ. ಚೀನಾದ ಹಸಿರು ಕಾಂಡದ ಜಾತಿಯನ್ನು ರಾಬರ್ಟ್ ಫಾರ್ಚೂನ್ 1840ರ ದಶಕದಲ್ಲಿ ಇಂಗ್ಲೆಂಡಿಗೆ ಕಳಿಸಿದ. ಅದೂ, ಕೊಂಬೆ ಜೋತುಬೀಳುವ ಇನ್ನೊಂದು ಜಾತಿಯೂ ಜರ್ಮನಿಯ ಗೊಟ್ಟಿಂಗೆನ್ ಸಸ್ಯೋದ್ಯಾನದಲ್ಲಿ ಬೆರೆತು ಹುಟ್ಟಿದ ಮಿಶ್ರತಳಿಯೇ ಇವತ್ತು ನರ್ಸರಿಗಳಲ್ಲಿ ಸಿಗುವ ಬಹುಪಾಲು ಗಿಡಗಳ ಮೂಲ. ನ್ಯೂಯಾರ್ಕಿನ ಬ್ರೂಕ್ಲಿನ್ 1940ರಲ್ಲಿ ಇದನ್ನು ತನ್ನ ಅಧಿಕೃತ ಹೂವಾಗಿ ಆರಿಸಿಕೊಂಡಿತು.

ಕೊಳ್ಳುವಾಗ ಅಥವಾ ಪಕ್ಕದ ಮನೆಯಿಂದ ಕಡ್ಡಿ ಕೇಳುವಾಗ ಒಂದು ಗೊಂದಲ ಆಗಬಹುದು. ಚಳಿಗಾಲದ ಮಲ್ಲಿಗೆ ಎನ್ನುವ ವಿಂಟರ್ ಜಾಸ್ಮಿನ್ ಕೂಡ ಎಲೆಯಿಲ್ಲದ ಕೊಂಬೆಯಲ್ಲಿ ಹಳದಿ ಹೂ ಬಿಡುತ್ತದೆ, ಇನ್ನೂ ಸ್ವಲ್ಪ ಮೊದಲೇ ಬಿಡುತ್ತದೆ. ಎಸಳು ಎಣಿಸಿ ನೋಡಿ: ಫೋರ್ಸಿಥಿಯಾಕ್ಕೆ ನಾಲ್ಕು, ವಿಂಟರ್ ಜಾಸ್ಮಿನ್‌ಗೆ ಸಾಮಾನ್ಯವಾಗಿ ಆರು. ಜಾಸ್ಮಿನ್ ಕಡ್ಡಿ ಚಳಿಯಲ್ಲೂ ಹಸಿರಾಗಿರುತ್ತದೆ; ಫೋರ್ಸಿಥಿಯಾದ್ದು ಹಳದಿ ಮಿಶ್ರಿತ ಕಂದು, ಮೇಲೆಲ್ಲ ಸಣ್ಣ ಸಣ್ಣ ಉಬ್ಬು ಚುಕ್ಕೆ.

ನಿಮ್ಮ ಊರಿಗೆ ಒಗ್ಗುತ್ತದೆಯೇ?

ಇದಕ್ಕೆ ಚಳಿ ಬೇಕೇ ಬೇಕು. ಬೇಸಿಗೆಯಲ್ಲಿ ಕಟ್ಟಿದ ಮೊಗ್ಗು ವಾರಗಟ್ಟಲೆ ತಣ್ಣಗೆ ಮಲಗಿ ಎದ್ದರೆ ಮಾತ್ರ ವಸಂತದಲ್ಲಿ ಸರಿಯಾಗಿ ಅರಳುತ್ತದೆ. ಆದ್ದರಿಂದ ಬೀಜ ತಂದು, ಕಡ್ಡಿ ತಂದು ಬೆಂಗಳೂರಿನಲ್ಲಿ ಬೆಳೆಸುವ ಯೋಚನೆ ಬೇಡ. ಮಡಿಕೇರಿಯ ಚಳಿಯೂ ಇದಕ್ಕೆ ಸಾಲದು. ಸಸ್ಯಗಳನ್ನು ವಿಮಾನದಲ್ಲಿ ಹಾಗೆ ಸಾಗಿಸುವುದು ಕಾನೂನಿಗೂ ವಿರುದ್ಧ. ಬೆಂಗಳೂರಿನ ಮನೆಗೆ ಹಳದಿ ಬೇಕಿದ್ದರೆ ಟೆಕೋಮ ಹಾಕಿಸಿ, ವರ್ಷದ ಬಹುಕಾಲ ಹೂ ಕೊಡುತ್ತದೆ.

ಅಮೆರಿಕದಲ್ಲಿ ಕೃಷಿ ಇಲಾಖೆಯ ಹವಾಮಾನ ವಲಯದ ನಕ್ಷೆ ನೋಡಿಕೊಳ್ಳಿ. ಪಿನ್ ಕೋಡ್ ಹಾಕಿದರೆ ನಿಮ್ಮ ವಲಯ ತೋರಿಸುತ್ತದೆ. 5ರಿಂದ 8ನೇ ವಲಯದವರೆಗೆ ಸಾಮಾನ್ಯ ಫೋರ್ಸಿಥಿಯಾ ಚೆನ್ನಾಗಿ ಬರುತ್ತದೆ. ನ್ಯೂಜೆರ್ಸಿ, ಬಾಸ್ಟನ್, ಶಿಕಾಗೊ, ವಾಷಿಂಗ್ಟನ್ ಸುತ್ತಮುತ್ತಲಿನವರಿಗೆ ಯೋಚನೆಯೇ ಇಲ್ಲ. ಇಂಗ್ಲೆಂಡಿನ ಕನ್ನಡಿಗರಿಗೂ ಇಲ್ಲ. ಹ್ಯೂಸ್ಟನ್, ದಕ್ಷಿಣ ಫ್ಲಾರಿಡಾದಂಥ, ಚಳಿಗಾಲ ಹೆಸರಿಗಷ್ಟೇ ಇರುವ ಕಡೆಯವರು ಆಸೆ ಬಿಡುವುದು ಒಳ್ಳೆಯದು. ಗಿಡ ಬದುಕೀತು, ಹೂವಿನ ಸಂಭ್ರಮ ಇರದು.

ಮಿನ್ನೆಸೋಟಾದಂಥ ಕಡುಚಳಿಯ ಊರಿನ ತೊಂದರೆ ಬೇರೆ. ಅಲ್ಲಿ ಗಿಡ ಸಾಯುವುದಿಲ್ಲ, ಹೂವಿನ ಮೊಗ್ಗು ಸಾಯುತ್ತದೆ. ಸಾಮಾನ್ಯ ತಳಿಗಳ ಮೊಗ್ಗು ಮೈನಸ್ 23ರಿಂದ 26 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಸುಟ್ಟುಹೋಗುತ್ತದೆ. ಇಂಥ ಕಡೆ ಒಂದು ವಿಚಿತ್ರ ನೋಟ ಸಿಗುತ್ತದೆ: ಪೊದೆಯ ಕೆಳಗಿನ ಎರಡು ಅಡಿ ಮಾತ್ರ ಹಳದಿ, ಮೇಲೆಲ್ಲ ಬೋಳು. ಹಿಮದ ಕೆಳಗೆ ಹೂತಿದ್ದ ಮೊಗ್ಗು ಬೆಚ್ಚಗೆ ಉಳಿದುಕೊಂಡಿತು, ಗಾಳಿಗೆ ಒಡ್ಡಿಕೊಂಡದ್ದು ಸತ್ತಿತು, ಅಷ್ಟೇ.

ಯಾವ ತಳಿ ಆರಿಸಬೇಕು

ಲೇಬಲ್ಲಿನ ಮೇಲಿನ ಫೋಟೊ ನೋಡಿ ಕೊಳ್ಳಬೇಡಿ, ಬೆಳೆದ ಮೇಲಿನ ಅಳತೆ ಓದಿ ಕೊಳ್ಳಿ. ಎರಡು ಅಡಿ ಕುಂಡದಲ್ಲಿ ಮುದ್ದಾಗಿ ಕೂತಿರುವ ಗಿಡ ನಾಲ್ಕೈದು ವರ್ಷಕ್ಕೆ ಎಂಟು ಹತ್ತು ಅಡಿ ಎತ್ತರ, ಅಷ್ಟೇ ಅಗಲ ಆಗಬಹುದು. ಕತ್ತರಿಯ ಹಿಂಸೆ ಶುರುವಾಗುವುದು ಬಹಳ ಸಲ ಇಲ್ಲಿಂದಲೇ: ಚಿಕ್ಕ ಜಾಗಕ್ಕೆ ದೊಡ್ಡ ತಳಿ ತಂದು, ಆಮೇಲೆ ವರ್ಷಕ್ಕೆ ಮೂರು ಸಲ ಕತ್ತರಿಸುತ್ತ ಕೂರುವುದು.

ದೊಡ್ಡ ಜಾಗವಿದ್ದರೆ 'ಲಿನ್‌ವುಡ್ ಗೋಲ್ಡ್' ಹಳೆಯ, ನಂಬಬಹುದಾದ ತಳಿ. ಉತ್ತರ ಐರ್ಲೆಂಡಿನ ಒಂದು ಮನೆಯ ತೋಟದಲ್ಲಿ 1930ರ ದಶಕದಲ್ಲಿ ಸಿಕ್ಕಿದ್ದು. ಹೂ ಕೊಂಬೆಯುದ್ದಕ್ಕೂ ಒತ್ತಾಗಿ ಬಿಡುತ್ತದೆ, ಕೊಂಬೆ ನೆಟ್ಟಗೆ ಏಳುತ್ತದೆ. ಬರ್ಲಿನ್ನಿನ ಸ್ಪೇತ್ ನರ್ಸರಿಯಿಂದ 20ನೇ ಶತಮಾನದ ಮೊದಲಲ್ಲಿ ಬಂದ 'ಸ್ಪೆಕ್ಟಾಬಿಲಿಸ್' ಇನ್ನೂ ಕಡುಹಳದಿ. ಕಡುಚಳಿಯ ಊರಿನವರು ಬೇರೆ ಯಾವುದನ್ನೂ ನೋಡದೆ 'ಮೆಡೋಲಾರ್ಕ್' ಕೇಳಿ. ಉತ್ತರ ಡಕೋಟ, ದಕ್ಷಿಣ ಡಕೋಟ ರಾಜ್ಯ ವಿಶ್ವವಿದ್ಯಾಲಯಗಳೂ ಹಾರ್ವರ್ಡ್‌ನ ಆರ್ನಲ್ಡ್ ಅರ್ಬೊರೇಟಂ ಕೂಡಿ ಬಿಡುಗಡೆ ಮಾಡಿದ ತಳಿ ಇದು. ಇದರ ಮೊಗ್ಗು ಮೈನಸ್ 35 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 37 ಸೆಲ್ಸಿಯಸ್ ಸುಮಾರಿನವರೆಗೂ ತಡೆಯುತ್ತದೆ. 'ನಾರ್ದರ್ನ್ ಸನ್', 'ನಾರ್ದರ್ನ್ ಗೋಲ್ಡ್' ಕೂಡ ಆ ಕಡೆಗೆ ಆಗುತ್ತವೆ.

ಟೌನ್‌ಹೌಸ್‌ನ ಮುಂದಿನ ಚಿಕ್ಕ ಪಾತಿಗೆ 'ಗೋಲ್ಡ್ ಟೈಡ್' ಸರಿ: ಎತ್ತರ ಎರಡು ಎರಡೂವರೆ ಅಡಿ, ಅಗಲ ನಾಲ್ಕು ಅಡಿ, ಇಳಿಜಾರಿನಲ್ಲಿ ಮಣ್ಣು ಹಿಡಿಯುವುದಕ್ಕೂ ಒಳ್ಳೆಯದು. ಕುಂಡದಲ್ಲೇ ಬೆಳೆಸುತ್ತೇನೆ ಎನ್ನುವವರಿಗೂ ಇಂಥ ಕುಳ್ಳ ತಳಿಯೇ. 'ಆರ್ನಲ್ಡ್ ಡ್ವಾರ್ಫ್' ಅನ್ನುವ ಹಳೆಯ ಕುಳ್ಳ ತಳಿ ಅಗ್ಗಕ್ಕೆ ಸಿಕ್ಕರೂ ಬೇಡ. ನೆಲ ಮುಚ್ಚುತ್ತದೆ, ಹೂ ಮಾತ್ರ ಜಿಪುಣ. ಗೋಡೆಯ ಮೇಲಿಂದ ಕೊಂಬೆ ಇಳಿಬಿಡಬೇಕೆಂದರೆ ಜೋತುಬೀಳುವ ಜಾತಿಯನ್ನೇ ಕೇಳಿ ತನ್ನಿ.

ಜಾಗ

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು. ಅರೆನೆರಳಿನಲ್ಲೂ ಗಿಡ ಬದುಕುತ್ತದೆ, ಎಲೆಯೂ ದಟ್ಟವಾಗಿರುತ್ತದೆ, ಆದರೆ ಹೂ ನೆರಳಿದ್ದಷ್ಟೂ ಕಡಿಮೆ. ಮನೆಯ ಉತ್ತರ ಗೋಡೆಯ ಪಕ್ಕ ಬೇಡ.

ದೊಡ್ಡ ತಳಿಗೆ ಸುತ್ತ ಎಂಟರಿಂದ ಹತ್ತು ಅಡಿ ಬಿಡಿ. ಕಿಟಕಿಯ ಕೆಳಗೆ, ಬಾಗಿಲ ಪಕ್ಕ, ಡ್ರೈವ್‌ವೇಯ ಅಂಚಿಗೆ ಒತ್ತಿ ನೆಡಬೇಡಿ. ಜೊತೆಗೆ ಇನ್ನೊಂದು ಮಾತು, ಇದು ನನ್ನ ಅಭಿರುಚಿ ಅನ್ನಿ: ಫೋರ್ಸಿಥಿಯಾಕ್ಕೆ ಚಂದವಿರುವುದು ಎರಡು ಮೂರು ವಾರ. ಮಿಕ್ಕ ಕಾಲ ಅದೊಂದು ಸಾಧಾರಣ ಹಸಿರು ಪೊದೆ. ಆದ್ದರಿಂದ ಮನೆಯ ಮುಖಕ್ಕೆ ಅದನ್ನೇ ನಾಯಕಿ ಮಾಡಬೇಡಿ. ಹಿತ್ತಲ ಮೂಲೆಯಲ್ಲಿ, ಅಡುಗೆಮನೆಯ ಕಿಟಕಿಯಿಂದ ಕಾಣುವಂತೆ, ಹಿಂದೆ ಸ್ಪ್ರೂಸ್, ಆರ್ಬರ್‌ವೈಟಿಯಂಥ ಕಡುಹಸಿರು ಇರುವಂತೆ ನೆಟ್ಟರೆ ಆ ಮೂರು ವಾರ ಹಳದಿ ಎದ್ದು ಕಾಣುತ್ತದೆ. ಬುಡದಲ್ಲಿ ಶರತ್ಕಾಲದಲ್ಲೇ ಗ್ರೇಪ್ ಹಯಸಿಂತ್, ಸ್ಕಿಲ್ಲದ ಗಡ್ಡೆ ಹೂತಿಟ್ಟರೆ ಹಳದಿಯ ಕೆಳಗೆ ನೀಲಿ ಹಾಸು. ಗುಲಾಬಿ ಬಣ್ಣದ ಚೆರ್ರಿಯ ಪಕ್ಕ ಮಾತ್ರ ಬೇಡ. ಎರಡೂ ಒಟ್ಟಿಗೆ ಅರಳಿ ಒಂದಕ್ಕೊಂದು ಜಗಳ ಆಡುತ್ತವೆ.

ಪಕ್ಕದಲ್ಲಿ ಬ್ಲ್ಯಾಕ್ ವಾಲ್‌ನಟ್ ಮರವಿದೆ, ಅದರ ಕೆಳಗೆ ಟೊಮೇಟೊ ಸಹಿತ ಏನು ಹಾಕಿದರೂ ಬಾಡುತ್ತದೆ ಎನ್ನುವವರು ಫೋರ್ಸಿಥಿಯಾ ಹಾಕಿ ನೋಡಬಹುದು. ಆ ಮರದ ಬೇರಿನ ವಿಷ ಸಹಿಸುವ ಗಿಡಗಳ ಪಟ್ಟಿಯಲ್ಲಿ ಇದೂ ಇದೆ. ಆದರೆ ಬಿಸಿಲಿನ ಲೆಕ್ಕ ಅಲ್ಲೂ ತಪ್ಪದು.

ಮಣ್ಣಿನ ಬಗ್ಗೆ ಒಂದೇ ಶರತ್ತು: ನೀರು ನಿಲ್ಲಬಾರದು. ಮಧ್ಯ ನ್ಯೂಜೆರ್ಸಿಯ ಕೆಂಪು ಜೇಡಿಯಲ್ಲೂ ಬರುತ್ತದೆ, ಮರಳು ಮಣ್ಣಿನಲ್ಲೂ ಬರುತ್ತದೆ. ಅನುಮಾನವಿದ್ದರೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಕೆಲವು ಗಂಟೆಯಲ್ಲಿ ಇಂಗಿದರೆ ಸರಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಜಾಗ ಬದಲಿಸಿ, ಇಲ್ಲವೇ ದಿಬ್ಬ ಮಾಡಿ ನೆಡಿ.

ನೆಡುವ ಕ್ರಮ

ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ನೆಡಬಹುದು. ನನಗೆ ಶರತ್ಕಾಲವೇ ಹೆಚ್ಚು ಇಷ್ಟ: ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಬಿಸಿಲು ಇಳಿದಿರುತ್ತದೆ, ನರ್ಸರಿಗಳಲ್ಲಿ ಬೆಲೆಯೂ ಇಳಿದಿರುತ್ತದೆ. ಕಡುಚಳಿಯ ಊರಿನವರು ಮಾತ್ರ ವಸಂತದಲ್ಲೇ ನೆಡಿ.

ಗುದ್ದಲಿ ಎತ್ತುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿ. ಅಂಗಳದ ಕೆಳಗೆ ಗ್ಯಾಸ್, ಕರೆಂಟು, ಕೇಬಲ್ ಎಲ್ಲೆಲ್ಲಿ ಹಾದುಹೋಗಿದೆಯೆಂದು ಬಂದು ಬಣ್ಣದ ಗುರುತು ಹಾಕಿ ಹೋಗುತ್ತಾರೆ, ದುಡ್ಡು ಕೊಡಬೇಕಿಲ್ಲ. ಬಡಾವಣೆಗೆ ಮನೆಮಾಲೀಕರ ಸಂಘ ಇದ್ದರೆ ಮುಂದಿನ ಅಂಗಳಕ್ಕೆ ಅನುಮತಿ ಬೇಕೋ ಎಂದೂ ಕೇಳಿಕೊಳ್ಳಿ. ನೆಟ್ಟ ಮೇಲೆ ಕಿತ್ತು ಹಾಕಿ ಎಂದು ಪತ್ರ ಬರುವುದಕ್ಕಿಂತ ಇದು ವಾಸಿ.

ಗುಂಡಿ ಕುಂಡಕ್ಕಿಂತ ಎರಡು ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಕುಂಡದಷ್ಟೇ. ಊರಿನಲ್ಲಿ ತೆಂಗಿನ ಸಸಿಗೆ ಮೂರಡಿ ಗುಂಡಿ ತೆಗೆದು ರೂಢಿ ಇರುವವರಿಗೆ ಕೈ ತಡೆಯುವುದು ಕಷ್ಟ, ಆದರೆ ಇಲ್ಲಿ ಆಳ ತೋಡಿದರೆ ಸಡಿಲ ಮಣ್ಣು ಕುಸಿದು ಬುಡ ಹೂತುಹೋಗುತ್ತದೆ. ಗಿಡವನ್ನು ಕುಂಡದಿಂದ ಬಿಡಿಸಿ ಬೇರು ನೋಡಿ. ಕುಂಡದ ಆಕಾರದಲ್ಲೇ ಸುತ್ತಿಕೊಂಡಿದ್ದರೆ ಚಾಕುವಿನಿಂದ ಮೂರು ನಾಲ್ಕು ಕಡೆ ಉದ್ದಕ್ಕೆ ಗೀರಿ, ಬೆರಳಿನಿಂದ ಬಿಡಿಸಿ. ಹೀಗೆ ಮಾಡಲು ಜೀವ ಹಿಂಜರಿಯುತ್ತದೆ, ಆದರೆ ಸುತ್ತಿಕೊಂಡ ಬೇರು ಹಾಗೆಯೇ ಬಿಟ್ಟರೆ ಹೊರಗಿನ ಮಣ್ಣಿಗೆ ಹೋಗುವುದೇ ಇಲ್ಲ.

ಬೇರುಂಡೆಯ ಮೇಲ್ಭಾಗ ನೆಲಮಟ್ಟಕ್ಕೆ ಸಮ, ಜೇಡಿಮಣ್ಣಾದರೆ ಒಂದಂಗುಲ ಮೇಲೆ ಇರುವಂತೆ ಕೂರಿಸಿ. ತೆಗೆದ ಮಣ್ಣನ್ನೇ ವಾಪಸ್ ತುಂಬಿ. ಚೀಲದ ಮಣ್ಣು, ಗೊಬ್ಬರ ಗುಂಡಿಗೆ ಸುರಿಯುವುದು ಬೇಡ. ಅರ್ಧ ತುಂಬಿದಾಗ ನೀರು ಹಾಕಿ ಮಣ್ಣು ಕೂರಲು ಬಿಡಿ, ಆಮೇಲೆ ಮಿಕ್ಕಿದ್ದು. ಕೊನೆಗೆ ಮರದ ಚಕ್ಕೆಯ ಹೊದಿಕೆ, ಅಂದರೆ ಮಲ್ಚ್, ಎರಡು ಮೂರು ಅಂಗುಲ ಹಾಸಿ, ಕಾಂಡಕ್ಕೆ ತಾಗದಂತೆ ಸುತ್ತ ಒಂದು ಗೇಣು ಜಾಗ ಬಿಡಿ. ಬುಡಕ್ಕೆ ಮಲ್ಚ್ ಗುಡ್ಡೆ ಹಾಕಿರುವುದು ಇಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಅದು ತೊಗಟೆ ಕೊಳೆಸುತ್ತದೆ, ಇಲಿಗಳಿಗೆ ಚಳಿಗಾಲದ ಮನೆಯಾಗುತ್ತದೆ.

ಸಾಲಾಗಿ ನೆಟ್ಟು ಬೇಲಿ ಮಾಡುವುದಾದರೆ ಗಿಡದಿಂದ ಗಿಡಕ್ಕೆ ನಾಲ್ಕರಿಂದ ಆರು ಅಡಿ ಬಿಡಿ. ಆದರೆ ಅದು ಬಾಗಿ ಬಳುಕುವ ಬೇಲಿಯಾಗಿಯೇ ಇರಲಿ. ಗೋಡೆಯಂತೆ ನೇರವಾದ ಬೇಲಿ ಬೇಕಿದ್ದರೆ ಪ್ರಿವೆಟ್ ಅಥವಾ ಬಾಕ್ಸ್‌ವುಡ್ ನೆಡಿ, ಇದನ್ನಲ್ಲ.

ನೀರು, ಗೊಬ್ಬರ

ಮೊದಲ ವರ್ಷ ಮಳೆ ಬಾರದ ವಾರ ಒಂದೆರಡು ಸಲ, ಒಂದು ಬಕೆಟ್ ನೀರು ನಿಧಾನವಾಗಿ ಬುಡಕ್ಕೆ. ಲಾನ್‌ನ ಸ್ಪ್ರಿಂಕ್ಲರ್ ಚಿಮುಕಿಸಿದ್ದು ಸಾಲದು. ಎರಡನೇ ವರ್ಷದಿಂದ ಕಡು ಬೇಸಿಗೆಯಲ್ಲಿ ಎಲೆ ಜೋತುಬಿದ್ದರೆ ಮಾತ್ರ. ಮೂರನೇ ವರ್ಷದ ಮೇಲೆ ಮರೆತರೂ ಆದೀತು.

ಗೊಬ್ಬರ ಬಹುತೇಕ ಬೇಕಿಲ್ಲ. ವಸಂತದಲ್ಲಿ ಒಂದಂಗುಲ ಕಾಂಪೋಸ್ಟ್ ಹರಡಿದರೆ ಧಾರಾಳ. ಸಾರಜನಕ ಹೆಚ್ಚಾದರೆ ಗಿಡ ಕೊಬ್ಬಿ ಎಲೆ ಬಿಡುತ್ತದೆ, ಹೂ ಮರೆಯುತ್ತದೆ. ನೀವು ಹಾಕದಿದ್ದರೂ ಲಾನ್‌ಗೆ ಎರಚಿದ ರಸಗೊಬ್ಬರ ಬೇರಿಗೆ ಹರಿದು ಬರುತ್ತದೆ ಎನ್ನುವುದು ನೆನಪಿರಲಿ.

ಸವರುವುದು: ಇಡೀ ವಿದ್ಯೆ ಇರುವುದು ಇಲ್ಲಿ

ಮೈಸೂರು ಮಲ್ಲಿಗೆಯನ್ನೋ ದುಂಡುಮಲ್ಲಿಗೆಯನ್ನೋ ಬೆಳೆದವರಿಗೆ ಗೊತ್ತು: ಚಳಿಗಾಲದಲ್ಲಿ ಗಿಡ ಸವರಿದರೆ ಹೊಸ ಚಿಗುರು ಒಡೆದು ಆ ಚಿಗುರಿನಲ್ಲೇ ಮೊಗ್ಗು ಬರುತ್ತದೆ. ಸವರಿದಷ್ಟೂ ಹೂ. ಆ ಅಭ್ಯಾಸವನ್ನೇ ಹಿಡಿದು ಫೋರ್ಸಿಥಿಯಾದ ಹತ್ತಿರ ಹೋದರೆ ಕೆಲಸ ಕೆಟ್ಟಿತು. ಇದು ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕೊಂಬೆಯ ಮೇಲೆ. ಈ ಏಪ್ರಿಲ್‌ನ ಹೂವಿನ ಮೊಗ್ಗು ಹೋದ ಬೇಸಿಗೆಯಲ್ಲೇ ಕಟ್ಟಿಯಾಗಿರುತ್ತದೆ. ಆಗಸ್ಟ್‌ನಿಂದ ಮಾರ್ಚ್‌ವರೆಗೆ ಯಾವಾಗ ಕತ್ತರಿ ಹಾಕಿದರೂ ನೀವು ಕತ್ತರಿಸುವುದು ಬರೀ ಕಡ್ಡಿಯಲ್ಲ, ಮುಂದಿನ ಉಗಾದಿಯ ಹೂವನ್ನು.

ಹಾಗಾದರೆ ಯಾವಾಗ? ಹೂ ಉದುರಿ ಎಲೆ ಒಡೆಯುವ ಹೊತ್ತಿನಲ್ಲಿ. ನ್ಯೂಜೆರ್ಸಿಯ ಲೆಕ್ಕದಲ್ಲಿ ಏಪ್ರಿಲ್ ಕೊನೆಯಿಂದ ಮೇ ಮುಗಿಯುವುದರೊಳಗೆ. ಜೂನ್ ದಾಟಿದರೆ ಆ ವರ್ಷ ಬಿಟ್ಟುಬಿಡಿ. ಒಣಗಿದ, ಮುರಿದ ಕೊಂಬೆ ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು.

ಎಲ್ಲಿ? ಬುಡದಲ್ಲಿ. ಇದು ಕಾಲಕ್ಕಿಂತಲೂ ಮುಖ್ಯ. ಫೋರ್ಸಿಥಿಯಾ ಒಂದೇ ಕಾಂಡದ ಗಿಡವಲ್ಲ. ನೆಲದಿಂದ ಹತ್ತಾರು ಕಾಂಡ ಒಟ್ಟಿಗೆ ಏಳುತ್ತವೆ. ಎರಡು ಮೂರು ವರ್ಷದ ಕಾಂಡ ಹೂ ಸುರಿಸುತ್ತದೆ, ಅದಕ್ಕಿಂತ ಹಳೆಯದು ದಪ್ಪವಾಗಿ, ತೊಗಟೆ ಬೂದುಬಣ್ಣಕ್ಕೆ ತಿರುಗಿ, ಮೇಲೆ ಸಣ್ಣ ರೆಂಬೆಗಳ ಗೂಡು ಕಟ್ಟಿಕೊಂಡು ಹೂ ಕಡಿಮೆ ಮಾಡುತ್ತದೆ. ನಿಮ್ಮ ಕೆಲಸ ಆ ಮುದಿ ಕಾಂಡಗಳನ್ನು ಹುಡುಕಿ, ನೆಲದಿಂದ ಎರಡು ಮೂರು ಅಂಗುಲ ಬಿಟ್ಟು ಕತ್ತರಿಸುವುದು. ವರ್ಷಕ್ಕೆ ಒಟ್ಟು ಕಾಂಡಗಳಲ್ಲಿ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಬೆರಳು ಗಾತ್ರದ್ದಕ್ಕೆ ಕೈಕತ್ತರಿ, ಅದಕ್ಕಿಂತ ದಪ್ಪಕ್ಕೆ ಉದ್ದ ಹಿಡಿಕೆಯ ಲಾಪರ್, ಇನ್ನೂ ದಪ್ಪಕ್ಕೆ ಸಣ್ಣ ಗರಗಸ. ಹೀಗೆ ನಾಲ್ಕು ವರ್ಷ ಮಾಡಿದರೆ ಗಿಡದಲ್ಲಿ ನಾಲ್ಕು ವರ್ಷಕ್ಕಿಂತ ಹಳೆಯ ಕಾಂಡವೇ ಇರುವುದಿಲ್ಲ, ಗಿಡ ಮಾತ್ರ ಎಷ್ಟೇ ಹಳೆಯದಿರಲಿ.

ಕೆಲಸ ಮಾಡುವಾಗ ನೆಲಕ್ಕೆ ಕೂತುಕೊಳ್ಳಿ. ಎದ್ದು ನಿಂತರೆ ಕೈ ತಾನಾಗಿ ಮೇಲಿನ ತುದಿ ಕತ್ತರಿಸಲು ಹೋಗುತ್ತದೆ. ತೀರಾ ಉದ್ದವಾಗಿ ದಾರಿಗೆ ಬಂದ ಕೊಂಬೆಯಿದ್ದರೆ ನಡುವಿನಲ್ಲಿ ತುಂಡರಿಸಬೇಡಿ. ಒಳಗೆ ಅದು ಕವಲೊಡೆದ ಜಾಗಕ್ಕೆ ಹೋಗಿ ಅಲ್ಲಿಂದ ತೆಗೆಯಿರಿ. ನಡುವಿನಲ್ಲಿ ಕತ್ತರಿಸಿದರೆ ಆ ತುದಿಯಿಂದ ನಾಲ್ಕೈದು ಕಡ್ಡಿ ಪೊರಕೆಯಂತೆ ಏಳುತ್ತವೆ. ನೆಟ್ಟು ಮೊದಲ ಎರಡು ಮೂರು ವರ್ಷ ಈ ಯಾವುದೂ ಬೇಡ.

ಈಗ ಉಂಡೆಗಳ ವಿಷಯ. ವಿದ್ಯುತ್ ಕತ್ತರಿಯಿಂದ ಮೇಲ್ಮೈಯನ್ನೆಲ್ಲ ಸಮ ಮಾಡಿದಾಗ ಹೊರಗೆ ಒಂದು ತೆಳು ಹಸಿರು ಚಿಪ್ಪು, ಒಳಗೆ ಬೆಳಕು ಹೋಗದೆ ಬರೀ ಒಣ ಕಡ್ಡಿ. ಹೂ ಬಿಡಲು ಬೇಕಾದ ಒಂದು ವರ್ಷದ ಉದ್ದ ಕೊಂಬೆಗಳೆಲ್ಲ ಆ ಕತ್ತರಿಗೇ ಹೋಗಿರುತ್ತವೆ. ಬಹಳ ಮನೆಗಳಲ್ಲಿ ಇದನ್ನು ಮಾಡುವುದು ಮಾಲೀಕರಲ್ಲ, ಲಾನ್ ಕತ್ತರಿಸಲು ಬರುವ ತಂಡ. ಅಕ್ಟೋಬರ್‌ನ 'ಕ್ಲೀನಪ್' ಹೆಸರಿನಲ್ಲಿ ಎಲ್ಲ ಪೊದೆಗೂ ಒಂದೇ ಕ್ಷೌರ. ಅವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರುವವರು ಪ್ರತಿ ಸಲ ಬೇರೆ. ಒಪ್ಪಂದದ ಕಾಗದದಲ್ಲೇ ಬರೆಸಿ, ಗಿಡಕ್ಕೊಂದು ಬಣ್ಣದ ರಿಬ್ಬನ್ ಕಟ್ಟಿ.

ಉಂಡೆ ಮಾಡದೆ ಬಿಟ್ಟ ಫೋರ್ಸಿಥಿಯಾ ಹೇಗಿರುತ್ತದೆಂದು ನೋಡಬೇಕಿದ್ದರೆ ಮಾರ್ಚ್‌ನಲ್ಲಿ ವಾಷಿಂಗ್ಟನ್‌ಗೆ ಹೋದಾಗ ಚೆರ್ರಿ ಹೂವಿನ ಜೊತೆಗೆ ಡಂಬಾರ್ಟನ್ ಓಕ್ಸ್ ತೋಟಕ್ಕೂ ಹೋಗಿ. ಬಿಯಾಟ್ರಿಕ್ಸ್ ಫರಾಂಡ್ ರೂಪಿಸಿದ ಆ ತೋಟದಲ್ಲಿ ಒಂದು ಇಳಿಜಾರನ್ನು ಪೂರ್ತಿ ಇದಕ್ಕೇ ಬಿಟ್ಟುಕೊಟ್ಟಿದ್ದಾರೆ. ಕೊಂಬೆಗಳು ಕಾರಂಜಿಯ ಹಾಗೆ ಎದ್ದು ಬಾಗಿ ಒಂದರ ಮೇಲೊಂದು ಬಿದ್ದಿರುತ್ತವೆ.

ಹಳೆ ಮನೆ ಕೊಂಡಾಗ ಬಂದ ಮುದಿ ಪೊದೆ

ಹಿಂದಿನ ಮಾಲೀಕರು ಮೂವತ್ತು ವರ್ಷ ಉಂಡೆ ಮಾಡಿದ ಪೊದೆ ನಿಮ್ಮ ಪಾಲಿಗೆ ಬಂದಿದ್ದರೆ ಕಿತ್ತುಹಾಕಲು ಅವಸರ ಮಾಡಬೇಡಿ. ಎರಡು ದಾರಿ ಇವೆ. ಸಮಾಧಾನ ಇದ್ದವರು ಮೂರು ವರ್ಷ, ವರ್ಷಕ್ಕೆ ಮೂರನೇ ಒಂದು ಭಾಗದಂತೆ, ಹೂ ಮುಗಿದ ಮೇಲೆ ಹಳೆ ಕಾಂಡ ಬುಡಕ್ಕೆ ತೆಗೆಯುತ್ತ ಬರಬಹುದು. ಸಮಾಧಾನ ಇಲ್ಲದವರು ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ ಇಡೀ ಪೊದೆಯನ್ನು ನೆಲದಿಂದ ನಾಲ್ಕರಿಂದ ಆರು ಅಂಗುಲಕ್ಕೆ ಒಮ್ಮೆಲೇ ಕಡಿದುಬಿಡಬಹುದು. ನೋಡಿದವರು ಗಿಡ ಸತ್ತಿತೆಂದು ಮರುಗುತ್ತಾರೆ, ಆದರೆ ಆ ಬೇಸಿಗೆಯಲ್ಲೇ ನಾಲ್ಕೈದು ಅಡಿ ಚಿಗುರು ಎದ್ದು ನಿಲ್ಲುತ್ತದೆ. ಆ ವಸಂತದಲ್ಲಿ ಹೂ ಇಲ್ಲ, ಮರುವರ್ಷ ಸಾಧಾರಣ, ಅದರ ಮರುವರ್ಷ ಪೂರ್ತಿ. ಎದ್ದ ಚಿಗುರಿನಲ್ಲಿ ಬಡಕಲಾಗಿರುವುದನ್ನು ತೆಗೆದು ಗಟ್ಟಿಯಾದ ಹತ್ತು ಹನ್ನೆರಡನ್ನು ಮಾತ್ರ ಉಳಿಸಿಕೊಳ್ಳಿ.

ಹೂ ಬಿಡುತ್ತಿಲ್ಲ ಎಂದರೆ

ಮೊದಲು ಕೇಳಿಕೊಳ್ಳಬೇಕಾದದ್ದು ಹೋದ ವರ್ಷ ಯಾರು ಯಾವಾಗ ಕತ್ತರಿ ಹಾಕಿದರು ಎಂದು. ಬಹುಪಾಲು ದೂರಿಗೆ ಉತ್ತರ ಅಲ್ಲೇ ಸಿಗುತ್ತದೆ. ಕತ್ತರಿ ಹಾಕಿಲ್ಲವೆಂದರೆ ನೆತ್ತಿಯ ಮೇಲೆ ನೋಡಿ: ಹತ್ತು ವರ್ಷದ ಹಿಂದೆ ಚಿಕ್ಕದಿದ್ದ ಮೇಪಲ್ ಮರ ಈಗ ಪೂರ್ತಿ ನೆರಳು ಚೆಲ್ಲುತ್ತಿರಬಹುದು. ಹೂ ಕೆಳಗೆ ಮಾತ್ರ ಇದ್ದರೆ ಚಳಿಯ ಏಟು. ಎಲೆ ಅತಿ ಹಸಿರು, ಚಿಗುರು ಅತಿ ಉದ್ದವಿದ್ದರೆ ಲಾನ್ ಗೊಬ್ಬರ. ನೆಟ್ಟು ಒಂದೇ ವರ್ಷ ಆಗಿದ್ದರೆ ಏನೂ ತೊಂದರೆಯಿಲ್ಲ, ಕಾಯಬೇಕು.

ಉಗಾದಿ ಬೇಗ ಬಂದರೆ: ಮನೆಯೊಳಗೆ ಅರಳಿಸುವುದು

2026ರಲ್ಲಿ ಉಗಾದಿ ಮಾರ್ಚ್ 19ಕ್ಕೆ. ಅಷ್ಟು ಬೇಗ ಅಂಗಳದಲ್ಲಿ ಅರಳುವುದು ಅನುಮಾನ. ಅಧಿಕಮಾಸದ ಲೆಕ್ಕದಿಂದ ಹಬ್ಬ ಹೀಗೆ ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. ಅದಕ್ಕೊಂದು ಸುಲಭ ಉಪಾಯವಿದೆ.

ಹಬ್ಬಕ್ಕೆ ಎರಡು ಮೂರು ವಾರ ಮೊದಲು, ತಾಪಮಾನ ಶೂನ್ಯಕ್ಕಿಂತ ಮೇಲಿರುವ ಒಂದು ಮಧ್ಯಾಹ್ನ, ಮೊಗ್ಗು ತುಂಬಿದ ಎರಡು ಮೂರು ಅಡಿಯ ಕೊಂಬೆಗಳನ್ನು ಕತ್ತರಿಸಿ ತನ್ನಿ. ಹೇಗೂ ತೆಗೆಯಬೇಕಿದ್ದ, ಒತ್ತಾಗಿರುವ ಕಡೆಯಿಂದಲೇ ತೆಗೆಯಿರಿ. ದುಂಡಗಿನ ಉಬ್ಬಿದ ಮೊಗ್ಗು ಹೂವಿನದು, ಚೂಪಾದ ಸಣ್ಣದು ಎಲೆಯದು. ಕತ್ತರಿಸಿದ ತುದಿಯನ್ನು ಒಂದಂಗುಲ ಸೀಳಿ, ಇಡೀ ಕೊಂಬೆಯನ್ನು ಸ್ನಾನದ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಮರುದಿನ ಹೂದಾನಿಯಲ್ಲಿಟ್ಟು, ನೇರ ಬಿಸಿಲು ಬೀಳದ, ಹೀಟರ್‌ನ ಗಾಳಿ ತಾಗದ ತಂಪು ಕೋಣೆಯಲ್ಲಿಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಒಣಹವೆ ಇದ್ದರೆ ಕೊಂಬೆಗೆ ನೀರು ಚಿಮುಕಿಸಿ. ಫೆಬ್ರವರಿ ಮೊದಲಲ್ಲಿ ತಂದದ್ದು ಅರಳಲು ಎರಡು ಮೂರು ವಾರ ಹಿಡಿದರೆ, ಮಾರ್ಚ್‌ನಲ್ಲಿ ತಂದದ್ದಕ್ಕೆ ಒಂದು ವಾರ ಸಾಕಾಗಬಹುದು. ಅರಳುವುದು ನಿಧಾನವಾದರೆ ಬೆಚ್ಚಗಿನ ಕೋಣೆಗೆ ತನ್ನಿ, ಅತಿ ಬೇಗವಾದರೆ ಗ್ಯಾರೇಜಿಗೆ. ಡಿಸೆಂಬರ್‌ನಲ್ಲಿ ಮಾತ್ರ ಪ್ರಯತ್ನಿಸಬೇಡಿ. ಮೊಗ್ಗಿಗೆ ಬೇಕಾದ ಚಳಿ ಇನ್ನೂ ಸಿಕ್ಕಿರುವುದಿಲ್ಲ.

ದೇವರ ಮನೆಯ ಪಕ್ಕ ಹಿತ್ತಾಳೆ ಕೊಡದಲ್ಲಿ ಇಟ್ಟರೆ ಹೂದಾನಿಗಿಂತ ಚಂದ. ಭಾರದ ಕೊಂಬೆ ಮಗುಚದಂತೆ ಕೊಡದ ತಳಕ್ಕೆ ನಾಲ್ಕು ಕಲ್ಲು ಹಾಕಿ.

ಒಂದರಿಂದ ಹತ್ತು

ಇಷ್ಟು ಸುಲಭವಾಗಿ ಬೇರು ಬಿಡುವ ಪೊದೆ ಕಡಿಮೆ. ಹೂದಾನಿಯಲ್ಲಿಟ್ಟ ಕೊಂಬೆಯೇ ಎಷ್ಟೋ ಸಲ ನೀರಿನೊಳಗೆ ಬಿಳಿ ಬೇರು ಬಿಟ್ಟಿರುತ್ತದೆ. ಎಲ್ಲಕ್ಕಿಂತ ಸಲೀಸು, ಬಾಗಿದ ಕೊಂಬೆಯನ್ನು ವಸಂತದಲ್ಲಿ ನೆಲಕ್ಕೆ ತಾಗಿಸಿ, ತಾಗಿದ ಜಾಗದಲ್ಲಿ ತೊಗಟೆ ಸ್ವಲ್ಪ ಕೆರೆದು, ಮೇಲೆ ಮಣ್ಣು ಹಾಕಿ ಕಲ್ಲು ಹೇರಿ ಮರೆತುಬಿಡುವುದು. ಮರುವರ್ಷ ತಾಯಿಗಿಡದಿಂದ ಕತ್ತರಿಸಿ ಎತ್ತಿಕೊಳ್ಳಬಹುದು. ಜೋತುಬೀಳುವ ಜಾತಿ ಇದನ್ನು ತಾನೇ ಮಾಡಿಕೊಂಡು ಅಂಗಳವೆಲ್ಲ ಹಬ್ಬುತ್ತದೆ. ಬೇಡದ ಕಡೆ ತುದಿ ಬೇರು ಬಿಟ್ಟಿದ್ದರೆ ಕಿತ್ತುಹಾಕುತ್ತಿರಬೇಕು.

ಕಡ್ಡಿಯಿಂದ ಮಾಡುವುದಾದರೆ ಜೂನ್–ಜುಲೈನಲ್ಲಿ ಆ ವರ್ಷದ ಎಳೆ ಚಿಗುರಿನ ಐದಾರು ಅಂಗುಲದ ತುಂಡು, ಕೆಳಗಿನ ಎಲೆ ತೆಗೆದು, ಪರ್ಲೈಟ್ ಎಂಬ ಹಗುರ ಬಿಳಿ ಹರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಡಿ. ಒಂದು ಒಂದೂವರೆ ತಿಂಗಳಿಗೆ ಬೇರು ಬರುತ್ತದೆ. ಎಲೆ ಉದುರಿದ ಮೇಲಾದರೆ ಪೆನ್ಸಿಲ್ ದಪ್ಪದ ಒಂದಡಿ ಕಡ್ಡಿಯನ್ನು ಮೂರನೇ ಎರಡು ಭಾಗ ಮಣ್ಣಿನೊಳಗೆ ಹೋಗುವಂತೆ ತರಕಾರಿ ಪಾತಿಯ ಅಂಚಿಗೆ ಚುಚ್ಚಿಬಿಡಿ. ಹೊಸ ತಳಿಗಳಲ್ಲಿ ಕೆಲವಕ್ಕೆ ಪೇಟೆಂಟ್ ಇರುತ್ತದೆ, ಲೇಬಲ್ಲಿನಲ್ಲಿ ಬರೆದಿರುತ್ತಾರೆ. ಅವುಗಳಿಂದ ಗಿಡ ಮಾಡುವ ಹಾಗಿಲ್ಲ. 'ಲಿನ್‌ವುಡ್ ಗೋಲ್ಡ್'ನಂಥ ಹಳೆಯವಕ್ಕೆ ಆ ಕಟ್ಟುಪಾಡಿಲ್ಲ.

ರೋಗ, ಜೇನು, ಕ್ರಾಬ್‌ಗ್ರಾಸ್

ಕಾಂಡದ ಮೇಲೆ ಒರಟು ಗಂಟುಗಳು ಸಾಲಾಗಿ ಎದ್ದರೆ ಅದು ಒಂದು ಶಿಲೀಂಧ್ರದ ಕಾಟ. ಔಷಧಿ ಇಲ್ಲ. ಗಂಟಿಗಿಂತ ಕೆಲವು ಅಂಗುಲ ಕೆಳಗೆ ಕತ್ತರಿಸಿ, ಕಸದ ಚೀಲಕ್ಕೆ ಹಾಕಿ, ಪ್ರತಿ ಸಲ ಕತ್ತರಿಯನ್ನು ರಬ್ಬಿಂಗ್ ಆಲ್ಕೊಹಾಲ್‌ನಿಂದ ಒರೆಸಿಕೊಳ್ಳಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಉಳಿದಂತೆ ಚಿಂತೆ ಮಾಡುವಂಥದ್ದು ಹೆಚ್ಚಿಲ್ಲ.

ಇದರ ಒಂದು ಕೊರತೆ ಹೇಳಲೇಬೇಕು. ಇಷ್ಟು ಹೂವಿದ್ದರೂ ಇಲ್ಲಿನ ಜೇನು, ಚಿಟ್ಟೆಗಳಿಗೆ ಇದರಿಂದ ಸಿಗುವುದು ಅತ್ಯಲ್ಪ, ಹಕ್ಕಿಗೆ ಹಣ್ಣೂ ಇಲ್ಲ. ಜಾಗ ಇದ್ದರೆ ಜೊತೆಗೊಂದು ಸ್ಪೈಸ್‌ಬುಷ್ ನೆಡಿ. ಅದು ಈ ನೆಲದ್ದೇ ಪೊದೆ. ಎಲೆಗೆ ಮೊದಲೇ ನವಿರಾದ ಹಳದಿ ಹೂ, ನೆರಳು ತಡೆಯುವ ಶಕ್ತಿ, ಒಂದು ಜಾತಿಯ ಸ್ವಾಲೋಟೈಲ್ ಚಿಟ್ಟೆಯ ಮರಿಗಳಿಗೆ ಎಲೆಯೇ ಊಟ. ಹೆಣ್ಣು ಗಿಡದ ಹತ್ತಿರ ಗಂಡು ಗಿಡವಿದ್ದರೆ ಕೆಂಪು ಹಣ್ಣು ಕಟ್ಟಿ ಹಕ್ಕಿಗಳೂ ಬರುತ್ತವೆ.

ಇನ್ನು ಲಾನ್ ಇಟ್ಟವರಿಗೆ ಒಂದು ಲಾಭ. ಇಲ್ಲಿನವ್ರು ಫೋರ್ಸಿಥಿಯಾವನ್ನೇ ಪಂಚಾಂಗ ಮಾಡಿಕೊಂಡಿದ್ದಾರೆ: ಅದು ಅರಳಿದಾಗ ಗುಲಾಬಿ ಸವರು, ಅದು ಉದುರುವುದರೊಳಗೆ ಕ್ರಾಬ್‌ಗ್ರಾಸ್ ಎಂಬ ಕಳೆಹುಲ್ಲು ಮೊಳೆಯದಂತೆ ತಡೆಯುವ ಔಷಧಿ ಹಾಕು. ಗುಲಾಬಿಯ ಮಾತು ಬಹುಮಟ್ಟಿಗೆ ಸರಿ. ಕ್ರಾಬ್‌ಗ್ರಾಸ್ ಮಾತ್ರ ಮೊಳೆಯುವುದು ಮಣ್ಣಿನ ಬಿಸಿ 55 ಡಿಗ್ರಿ ಫ್ಯಾರನ್‌ಹೀಟ್ ಸುಮಾರಿಗೆ ಬಂದು ಕೆಲವು ದಿನ ನಿಂತ ಮೇಲೆ. ಹೂ ಅರಳುವುದು ಗಾಳಿಯ ಬಿಸಿಯನ್ನು ನಂಬಿ, ಮಣ್ಣು ಕಾಯುವುದು ನಿಧಾನ. ಹತ್ತು ಡಾಲರ್ ಸುಮಾರಿನ ಮಣ್ಣಿನ ಥರ್ಮಾಮೀಟರ್ ಒಂದನ್ನು ಲಾನ್‌ನಲ್ಲಿ ಎರಡಂಗುಲ ಚುಚ್ಚಿ ನೋಡಿಕೊಂಡು ಹಾಕುವುದು ಹೆಚ್ಚು ಭದ್ರ.